ನೆಲಮಾಳಿಗೆಯ ಅಡ್ಡಗೋಡೆ

ಅಣ್ಣತಮ್ಮಂದಿರು ಹಳೇ ಮನೆಯನ್ನು ಪಾಲು ಮಾಡಿಕೊಂಡ ವರ್ಷ ನೆಲಮಾಳಿಗೆಗೂ ಅಡ್ಡಗೋಡೆ ಬಂತು. ಸಿಟ್ಟಿನಲ್ಲಿ ಕಟ್ಟಿಸಿದ ಗೋಡೆ. ತೇವ ಹಿಡಿದು ಇಟ್ಟಿಗೆಗಳು ಉದುರಿ, ಒಂದು ಪಾತ್ರೆ ದಾಟುವಷ್ಟು ಕಿಂಡಿ ಬಿದ್ದಿತ್ತು.

ಮಾತು ಬಿಟ್ಟಿದ್ದವರು ಗಂಡಸರು ಮಾತ್ರ. ಹೆಂಗಸರಿಬ್ಬರೂ ಉಪ್ಪಿನಕಾಯಿ ತರುವ ನೆಪದಲ್ಲಿ ಕೆಳಗಿಳಿದು, ಆ ಕಿಂಡಿಯಲ್ಲೇ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದರು. ತಮ್ಮನ ಹೆಂಡತಿ ಈಚೆಯಿಂದ ತುಪ್ಪ ದಾಟಿಸಿದರೆ, ಓರಗಿತ್ತಿ ಆಚೆಯಿಂದ ಬಿಸಿಬಿಸಿ ಹುಳಿ ದಾಟಿಸುವಳು. ಊಟಕ್ಕೆ ಕೂತ ಗಂಡ ಬೆರಳು ನೆಕ್ಕುತ್ತ, "ನಿನ್ನ ಕೈರುಚಿಗೆ ಸಮ ಇಲ್ಲ ಕಣೇ!" ಎಂದಾಗ ಈಚೆಯವಳು ನಾಚಿದಂತೆ ತಲೆ ತಗ್ಗಿಸುವಳು.

ಗೋಡೆ ಬಾಗತೊಡಗಿದಾಗ ಗಂಡ ಮೇಸ್ತ್ರಿಯನ್ನು ಕರೆಸಿದ. ಅಣ್ಣನಿಗೆ ಕೇಳಲೆಂದೇ ದನಿ ಏರಿಸಿ, "ಭದ್ರವಾಗಿ ಕಟ್ಟಯ್ಯ! ಆ ಕಡೆಯಿಂದ ಒಂದು ಇರುವೆ ಕೂಡ ನುಸುಳಬಾರದು!" ಎಂದು ಅಬ್ಬರಿಸಿದ. ಅದು ಅಡುಗೆಮನೆಯಲ್ಲಿದ್ದವಳಿಗೂ ಕೇಳಿಸಿತು.

ಮಧ್ಯಾಹ್ನ ಅವನ ಗೊರಕೆ ಕೇಳಿಸಿದ್ದೇ ತಡ, ಕಾಫಿ ಲೋಟ ಹಿಡಿದು ಕೆಳಗಿಳಿದಳು. ಹೊಸ ಗೋಡೆ ಆಗಲೇ ತಲೆಯೆತ್ತರ ಎದ್ದಿತ್ತು.

"ಮೇಸ್ತ್ರಿ, ನಿನ್ನ ದಮ್ಮಯ್ಯ ಅಂತೀನಿ. ಕಿಂಡಿ ಇದ್ದ ಕಡೆ ನಾಲ್ಕು ಇಟ್ಟಿಗೆ ಬಿಚ್ಚಿ, ಗಾರೆ ಹಾಕದೆ ಸುಮ್ನೆ ಜೋಡಿಸಿಡಪ್ಪ. ನಮ್ಮನೆಯವರಿಗೆ ಮಾತ್ರ ಗೊತ್ತಾಗ್ಬಾರ್ದು."

ಮೇಸ್ತ್ರಿ ನಗುತ್ತ ಗೋಡೆಗೆ ಕೈ ಹಾಕಿ ಒಂದು ಇಟ್ಟಿಗೆಯನ್ನು ಸಲೀಸಾಗಿ ಎಳೆದು ತೋರಿಸಿದ.

"ಆಗ್ಲೇ ಹಂಗೇ ಮಡಗಿವ್ನಿ ಕಣವ್ವ. 'ಅತ್ತಿಗೆ ಹುಳಿ ನಿಂತೋದ್ರೆ ನಾನು ಉಪವಾಸವೇ, ಇವಳಿಗೆ ಮಾತ್ರ ಗೊತ್ತಾಗ್ಬಾರ್ದು' ಅಂತ ಯಜಮಾನ್ರು ಕಿವೀಲಿ ಹೇಳೋದ್ರು."