ಪದಕದ ಅಂಚು

ಅಸಲಿ ಪದಕದ ಅಂಚಿನಲ್ಲಿ ಹೆಸರೇ ಇರಲಿಲ್ಲ. ನಕಲಿಯ ಅಂಚಿನಲ್ಲಿ ಇತ್ತು. ಹಳೆಯ ಯುದ್ಧಪದಕಗಳನ್ನು ಕೂಡಿಡುವ ದಸ್ತಗೀರ ಭೂತಗನ್ನಡಿ ಇಳಿಸಿ ಹಾಲವ್ವಳ ಮುಖ ನೋಡಿದ. ಎಪ್ಪತ್ತೊಂದರ ಯುದ್ಧದಲ್ಲಿ ಮಡಿದ ಆಕೆಯ ಗಂಡನ ಹೆಸರು ಕೊರೆದ ಪದಕವೊಂದು ಅವನಿಗೆ ಮಿರಜಿನ ಪೇಟೆಯಲ್ಲಿ ಸಿಕ್ಕಿತ್ತು. ಖೊಟ್ಟಿಯೆಂದು ಅನುಮಾನ ಬಂದು, ಆಕೆಯ ಬಳಿ ಇರುವುದರೊಂದಿಗೆ ಹೋಲಿಸಲು ಆಕೆಯ ಊರು ಮಾಡಗ್ಯಾಳಕ್ಕೆ ಬಂದಿದ್ದ. ತೂಕ, ಅಚ್ಚು ಎರಡೂ ಆಕೆಯದೇ ಅಸಲಿ ಎನ್ನುತ್ತಿದ್ದವು.

"ಅಮಾಸಿಗೊಮ್ಮೆ ದೇವರ ಜೋಡಿ ಇದನ್ನೂ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕತೀನ್ರಿ," ಎಂದಳು ಹಾಲವ್ವ. "ಮೊದಲ ಅವರ ಹೆಸರು ಬೆರಳಿಗೆ ಹತ್ತತಿತ್ತು. ಬರಬರತ ನನ್ನ ಬೆರಳ ಜಡ್ಡುಗಟ್ಯಾವ ಅಂತ ತಿಳ್ಕೊಂಡಿದ್ನಿ."

ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ ಆಕೆ. ದಸ್ತಗೀರ ತಂದ ಪದಕದ ಅಂಚಿನ ಮೇಲೆ ಹೆಬ್ಬೆರಳು ಎಳೆದಳು. ಬೆರಳು ತಡೆಯಿತು. ಮತ್ತೆ ಎಳೆದಳು. ಓದು ಬಾರದ ಆ ಮುಖ ಅರಳಿತು.

"ಇದ ನೋಡ್ರಿ ಅವರದು! ಅದು ಯಾರದೋ ಅದಲ-ಬದಲ ಆಗಿ ನನ್ನ ಕಡೆ ಬಂದಿರಬೇಕು. ಪಾಪ, ಅವರ ಮನ್ಯಾಗ ಎಷ್ಟು ಹುಡುಕ್ಯಾರೋ ಏನೋ. ನೀವ ಮುಟ್ಟಿಸ್ರಿ."

"ಆಯಿ, ಆ ಹೆಸರು..." ಎಂದ ದಸ್ತಗೀರ. ಅದನ್ನು ಅಳಿಸಿದವರು ಯಾರೆಂದು ಹೇಳದೆ ಆ ಮಾತು ಮುಂದೆ ಹೋಗುವಂತಿರಲಿಲ್ಲ.

ಹಾಲವ್ವ ಅಸಲಿಯನ್ನು ಸೆರಗಿನಿಂದ ಒರೆಸಿ ಅವನ ಅಂಗೈಯಲ್ಲಿಟ್ಟಳು. ನಕಲಿಯನ್ನು ಕಣ್ಣಿಗೊತ್ತಿಕೊಂಡು ಒಳಗಿದ್ದ ಮೊಮ್ಮಗಳನ್ನು ಕೂಗಿದಳು.

"ಕಾಜಲ್, ಹುಣಸಿಹಣ್ಣು, ಬೂದಿ ತಗೊಂಡು ಬಾರವ್ವಾ. ನಿಮ್ಮ ಮುತ್ಯಾ ಭಾಳ ಮಬ್ಬಾಗ್ಯಾನ."