ಕೊಣನೂರು ಚನ್ನಪ್ಪನ ಡಬ್ಬಿ

“ಅದನ್ನ ಬಿಚ್ಬ್ಯಾಡ ಕಣವ್ವ ರಂಜಿನಿ. ಕೈ ಮುಗೀತೀನಿ.”

ಮನೋಹರ ನಿಜಕ್ಕೂ ಕೈ ಮುಗಿದ. ಹೆಗಲ ಮೇಲೆ ಆಗಷ್ಟೇ ಹೊದಿಸಿದ ಶಾಲು, ಕೊರಳಲ್ಲಿ ಏಲಕ್ಕಿ ಹಾರ. ಹಾಸನದ ತುಂಬಿದ ಸಭೆಯಲ್ಲಿ ಅಷ್ಟು ದೊಡ್ಡ ಮನುಷ್ಯ, ಡಬ್ಬಿ ಹಿಡಿದು ವೇದಿಕೆ ಹತ್ತಿದ ತನಗೆ ಹೆದರುತ್ತಿದ್ದಾನೆಂದು ರಂಜಿನಿಗೆ ಒಳಗೊಳಗೇ ಹಿಗ್ಗಾಯಿತು.

“ಯಾಕಣ್ಣ, ಬೆವ್ರು ಇಳೀತಾ ಐತೆ? ನಮ್ಮಪ್ಪನ ಡಬ್ಬಿ, ನಾನು ಬಿಚ್ತೀನಿ. ನಿಂಗೇನು ಕಷ್ಟ?”

ಮನೆಯಲ್ಲಿ ಕೂತು ಒಂದು ಮಿಸ್ಡ್ ಕಾಲ್ ಕೊಟ್ಟರೆ ಹೊಲದ ಮೋಟಾರು ಶುರುವಾಗುವ ಉಪಕರಣ. ಅದನ್ನು ಮೊಟ್ಟಮೊದಲು ಕಂಡುಹಿಡಿದವನೆಂದು ಮನೋಹರನಿಗೆ ಇವತ್ತು ಸನ್ಮಾನ. ಕೊಣನೂರಿನವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಹದಿನೆಂಟು ವರ್ಷದ ಹಿಂದೆ, 2006ರ ಕೊನೆಗೆ, ಸಂತೆಯ ದಿನ, ಈ ಡಬ್ಬಿಯಿಂದ ಮೋಟಾರು ಓಡಿಸಿ ಊರೇ ಬಾಯಿ ಬಿಟ್ಟುಕೊಂಡು ನೋಡುವಂತೆ ಮಾಡಿದ್ದು ರೇಡಿಯೊ ರಿಪೇರಿ ಚನ್ನಪ್ಪ, ರಂಜಿನಿಯ ತಂದೆ. ಹಿರೀಸಾವೆಯ ಮನೋಹರ ಅವನ ಬಳಿಯೇ ಕೆಲಸ ಕಲಿತವನು. ಸಂತೆಯಾಗಿ ಎರಡೇ ವರ್ಷಕ್ಕೆ ಹಾಸನದಲ್ಲಿ ಅದೇ ಉಪಕರಣದ ಕಾರ್ಖಾನೆ ಹಾಕಿದ.

“ನನ್ನ ತಲೇನೇ ಕದ್ಕೊಂಡೋದ ಕಣವ್ವ,” ಎನ್ನುತ್ತಲೇ ಚನ್ನಪ್ಪ ಹೋದ ವರ್ಷ ತೀರಿಕೊಂಡ. ಡಬ್ಬಿಯನ್ನು ಮಾತ್ರ ಬದುಕಿರುವವರೆಗೂ ಹೆಂಡತಿ ಮಕ್ಕಳಿಗೂ ಮುಟ್ಟಗೊಡಲಿಲ್ಲ. ಯಾರಾದರೂ ಗುಟ್ಟು ಕದ್ದಾರೆಂದು ಅಪ್ಪನಿಗೆ ಭಯ ಎಂದೇ ರಂಜಿನಿ ತಿಳಿದಿದ್ದಳು.

“ನಿಮ್ಮಪ್ಪ ನಂಗೆ ಬೆಸುಗೆ ಹಾಕೋದು ಕಲ್ಸಿದೋರು,” ಮನೋಹರ ದನಿ ತಗ್ಗಿಸಿದ. “ಇಷ್ಟು ವರ್ಷ ನಾನು ಸುಮ್ಕಿರ್ಲಿಲ್ವಾ? ನೀನೂ ಸುಮ್ಕಿದ್ಬುಡು.”

“ಕದ್ದೋರು ಸುಮ್ಕೇ ಇರ್ತಾರೆ ಬುಡಣ್ಣ.”

ಸಭೆಯಲ್ಲಿ ಯಾರೋ ಸಿಳ್ಳೆ ಹೊಡೆದರು. ಅಧ್ಯಕ್ಷ ಕಾಂತರಾಜು ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ಬಾಯಿ ಮಾತು ಬ್ಯಾಡ. ರುಜುವಾತು ಏನೈತವ್ವ ನಿನ್ ತಾವ?”

“ಮುಚ್ಚಳದ ಒಳಗಡೆ ಪೆನ್ಸಿಲಲ್ಲಿ ಬರೀದೆ ಅಪ್ಪ ಯಾವ ಸೆಟ್ಟನ್ನೂ ಮುಚ್ತಿರ್ಲಿಲ್ಲ ಸಾ. ಯಾರದು, ಏನು, ಎತ್ತ, ಎಲ್ಲಾ ಬರೀತಿದ್ದ. ಇದ್ರಲ್ಲೂ ಬರ್ದಿರ್ತಾನೆ, ನೋಡಿ ಬೇಕಾದ್ರೆ.”

ತುಕ್ಕು ಹಿಡಿದ ನಾಲ್ಕು ಸ್ಕ್ರೂ. ಮೂರು ಬೇಗ ಬಂದವು, ನಾಲ್ಕನೆಯದಕ್ಕೆ ಹಲ್ಲು ಕಚ್ಚಿ ತಿರುಗಿಸಬೇಕಾಯಿತು. ಮನೋಹರ ಮುಖ ಬೇರೆ ಕಡೆಗೆ ಹೊರಳಿಸಿದ.

ಮುಚ್ಚಳ ಎದ್ದಿತು. ಒಳಗೆ ಅಕ್ಷರವಿತ್ತು. ಅಪ್ಪನದೇ, ದುಂಡನೆಯ ಅಕ್ಷರ. ರಂಜಿನಿ ಗೆದ್ದ ಮುಖದಲ್ಲಿ ಬಗ್ಗಿ ಓದಿಕೊಂಡಳು. ಇನ್ನೊಮ್ಮೆ ಓದಿಕೊಂಡಳು.

“ಐತೇನವ್ವ? ಮೈಕಲ್ಲಿ ಓದು, ಎಲ್ರೂ ಕೇಳ್ಲಿ,” ಎಂದರು ಕಾಂತರಾಜು.

ಮುಚ್ಚಳದಲ್ಲಿ ಇದ್ದದ್ದು ಇಷ್ಟು: ‘ಹೆಸರು: ಮನೋಹರ. ಊರು: ಹಿರೀಸಾವೆ. ರಿಪೇರಿಗೆ ಬಂದದ್ದು: 12-6-06. ಕಂಪನಿ: ಅವನೇ ಮಾಡಿದ್ದು. ದೂರು: ಮೋಟಾರು ಶುರುವಾಗಿ ನಿಂತುಹೋಗುತ್ತದೆ.’

ಅವಳ ತುಟಿ ಅಲುಗುವ ಮೊದಲೇ ಮನೋಹರ ಕೈ ಚಾಚಿ ಮೈಕ್ ಆಫ್ ಮಾಡಿದ.