ನೀಲವ್ವ ಕೊಂಡ ವಾಲೆಟ್ಟು

ಡಿಜಿಟಲ್ ನಾಣ್ಯಗಳನ್ನು ಪ್ರಾಣಿಗಳು ಹೊಟ್ಟೆಯಲ್ಲಿ ಕಾಯುತ್ತಿದ್ದ ಕಾಲವದು. ಅಂಥ ಪ್ರಾಣಿಯನ್ನೇ ವಾಲೆಟ್ಟು ಎನ್ನುತ್ತಿದ್ದರು; ಒಡೆಯರು ಕಿವಿಯಲ್ಲಿ ಗುಟ್ಟಿನ ಮಾತು ಹೇಳಿದರೆ ಅದು ಬಾಯಿ ತೆರೆಯುತ್ತಿತ್ತು. ಹುಬ್ಬಳ್ಳಿಯಲ್ಲಿ ಹೂ ಮಾರುವ ನೀಲವ್ವನಿಗೂ ಗಿರಾಕಿಗಳು ಅಂಥ ನಾಣ್ಯವನ್ನೇ ಕೊಡತೊಡಗಿದ್ದರಿಂದ, ಅವಳು ಮೊದಲ ವಾಲೆಟ್ಟು ಕೊಳ್ಳಲು ಗುರುಪಾದಪ್ಪನ ಅಂಗಡಿಗೆ ಬಂದಳು.

“ಈ ಗಿಳಿ ತಗೋರಿ ಅಕ್ಕಾರ, ಕರೆದ ಕೂಡ್ಲೇ ಬಾಯಿ ತೆಗೀತೈತಿ,” ಎಂದ ಗುರುಪಾದಪ್ಪ.

ನೀಲವ್ವ ಗಿಳಿಗೆ ಪೇರಲದ ಚೂರು ತೋರಿಸಿ, “ನಿನ್ನ ಹಳೇ ಮಾಲಕರ ಗುಟ್ಟೇನವಾ?” ಎಂದು ಮುದ್ದಿನಿಂದ ಕೇಳಿದಳು.

“ಬದನೀಕಾಯಿ ಎಣಗಾಯಿ!” ಎಂದು ಗಿಳಿ ಬೀದಿಗೆಲ್ಲ ಕೇಳುವಂತೆ ಕೂಗಿತು.

ಮೂಲೆಯಲ್ಲಿದ್ದ ಆಮೆಗೂ ಅವಳು ಹಾಗೇ ಕೇಳಿದಳು. ಅದು ಪೇರಲ ತಿಂದು, ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

“ಅದು ಬ್ಯಾಡ್ರಿ,” ಎಂದ ಗುರುಪಾದಪ್ಪ. “ಮನಸು ಬಂದಾಗಷ್ಟ ತಲಿ ಹೊರಗ ಹಾಕ್ತೈತಿ. ನೀವು ಗುಟ್ಟು ಮರತ್ರ ಯಾರ ಕೈಲೂ ತೆಗಿಯಾಕ ಆಗೂದಿಲ್ಲ.”

ಕನ್ನಡಕ ಎಲ್ಲಿಟ್ಟೆನೆಂಬುದೇ ನೀಲವ್ವನಿಗೆ ನೆನಪಿರುತ್ತಿರಲಿಲ್ಲ. ಆದರೆ ಅತ್ತೆ ತನಗಿಟ್ಟ ಅಡ್ಡಹೆಸರನ್ನು ಮಾತ್ರ ಒಂದು ದಿನವೂ ಮರೆತಿರಲಿಲ್ಲ. ಆಮೆ ಇಣುಕಿದಾಗ ಅದನ್ನೇ ತನ್ನ ಗುಟ್ಟೆಂದು ಅದರ ಕಿವಿಯಲ್ಲಿ ಉಸುರಿದಳು. ಅಲ್ಲಿಯವರೆಗೆ ಫೋನಿನಲ್ಲಿದ್ದ ನಾಣ್ಯಗಳೆಲ್ಲ ಆಮೆಯ ಹೊಟ್ಟೆ ಸೇರಿದವು. ಆಮೆ ಮತ್ತೆ ಒಳಗೆ ಹೋಯಿತು.

“ಇನ್ನ ಆಮಿ ರೊಕ್ಕ ಕೊಡ್ರಿ,” ಎಂದ ಗುರುಪಾದಪ್ಪ.

“ಎಲ್ಲಾ ಅದರ ಹೊಟ್ಟ್ಯಾಗ ಐತ್ರಿ.”

ಗುರುಪಾದಪ್ಪ ಚಿಪ್ಪು ತಟ್ಟಿದ, ಸೊಪ್ಪು ತೋರಿಸಿದ, ಕೊನೆಗೆ ಕೈ ಮುಗಿದ. ಆಮೆ ಜಪ್ಪಯ್ಯ ಅನ್ನಲಿಲ್ಲ.

ನೀಲವ್ವ ಸ್ಟೂಲು ಎಳೆದುಕೊಂಡು ನೆಮ್ಮದಿಯಿಂದ ಕೂತಳು. “ಎಷ್ಟು ಭದ್ರ ಐತಿ ನೋಡ್ರಿ!” ಎಂದಳು. “ಚಾ ತರಸ್ರಿ, ಕಾಯೋಣು.”